ಬಂದ್ ತಿಂಗಳ ಭಂಡಾರಿ

ಬೋಟಿನಲ್ಲಿ ಅಡುಗೆಯವನಿಗೆ ಭಂಡಾರಿ ಅಂತಾರೆ.
ಹತ್ತೊಂಬತ್ತು ವರ್ಷದಿಂದ ನಾನು ಭಂಡಾರಿ.
ಬೈತಖೋಲದಿಂದ ಹೊರಟರೆ
ಇಪ್ಪತ್ತೆಂಟು ಹೊಟ್ಟೆ, ಒಂದು ಒಲೆ,
ಒಲೆಯ ಸುತ್ತ ಕಬ್ಬಿಣದ ಕಟಕಟೆ,
ಅಲೆ ಎದ್ದಾಗ ಸಾರು ನನ್ನ ಎದೆಗೇ ಬರಬಾರದು ಅಂತ.

ಜೂನ್ ಬಂತು. ಬೋಟು ದಡಕ್ಕೆ.
ಬಲೆಗೆ ಟಾರ್ಪಾಲು ಹೊದಿಸಿದರು.
ಯೂನಿಯನ್ನಿನ ಶಿಬಿರದಲ್ಲಿ ನನ್ನ ಬೆರಳಿಗೆ ಸೂಜಿ ಚುಚ್ಚಿದ ಹುಡುಗಿ
ಯಂತ್ರವನ್ನು ಎರಡು ಸಲ ನೋಡಿದಳು:
ಇನ್ನೂರ ಎಪ್ಪತ್ತಾರು.
ಇರದೇನು,
ಇಪ್ಪತ್ತೆಂಟು ಜನರ ಚಹಾಕ್ಕೆ ದಿನಕ್ಕೆ ಐದು ಸಲ
ಸಿಹಿ ನೋಡಿದವನು ನಾನೇ ತಾನೆ.
ಒಣಮೀನಿನ ಹಾಗೆ ಉಪ್ಪಾಗಬೇಕಿದ್ದ ಮೈ ಇದು.

ಮಗಳು ಸ್ವರಾಲಿ, ಒಂಬತ್ತನೇ ಕ್ಲಾಸು,
"ಬಾಬಾ, ಸಕ್ಕರೆ ಬೇಡ, ಒಲೆಯೂ ಬೇಡ,
ಚಾಕಲೇಟಿನ ಸಿಹಿ ಮಾಡಿಕೊಡ್ತೇನೆ" ಅಂದಳು.
ಒಲೆ ಹಚ್ಚದ ಮನೆ ಅಂದರೆ
ನಮ್ಮ ಕೇರಿಯಲ್ಲಿ ಬೇರೆ ಅರ್ಥ.
ಹೇಳಲಿಲ್ಲ. ಮಗು.

ಶೇವಂತಿ ರವಿವಾರದ ಸಂತೆಯಲ್ಲಿ
ಘಟ್ಟದ ಮೇಲಿಂದ ಬಂದ ಪಕ್ಕದ ಬುಟ್ಟಿಯವಳಿಗೆ
ಎರಡು ಬೊಗಸೆ ಒಣ ಸಿಗಡಿ ಕೊಟ್ಟು
ಮೂರು ಬೆಣ್ಣೆಹಣ್ಣು ತಂದಳು.
ಕಲ್ಲು!
ನಮ್ಮ ತಾಂಡೇಲನ ತಲೆಗೆ ಬಡಿದರೂ ಹಣ್ಣಿಗೆ ಏನೂ ಆಗದು.
ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆವು.
ದಿನಾ ಬೆಳಿಗ್ಗೆ ತೆಗೆದು ಒತ್ತಿ ನೋಡುವುದು ನನ್ನ ಪಾಳಿ.
ಬಂಗುಡೆ ಒತ್ತಿ ಪಳಗಿದ ಹೆಬ್ಬೆರಳು,
ಗಟ್ಟಿಯಿದ್ದರೆ ಒಳ್ಳೇದು ಅಂತಲೇ ಅದರ ಲೆಕ್ಕ.
ಇಲ್ಲಿ ಮೆತ್ತಗಾಗುವ ತನಕ ಕಾಯಬೇಕಂತೆ.
ನಾಲ್ಕನೇ ದಿನ ಹೆಬ್ಬೆರಳು ಇಳಿಯಿತು.

"ಇವತ್ತು ನಾನು ಭಂಡಾರಿ, ನೀನು ಕೈಯಾಳು."
ಬೀಜ ತೆಗೆ ಅಂದಳು, ತೆಗೆದೆ.
ಖರ್ಜೂರ ನೆನೆಸಿದ ನೀರು ಚೆಲ್ಲಬೇಡ, ಚೆಲ್ಲಲಿಲ್ಲ.
ಮೀನುಮಸಾಲೆಯ ಜಾರು ಬೇಡ, ಬೇರೆ ಕೊಡು.
ಬೇರೆ ಎಲ್ಲಿದೆ?
ಲಿಂಬೆ ಸಿಪ್ಪೆ ಹಾಕಿ ಮೂರು ಸಲ ತಿಕ್ಕಿದೆ.
ಬಂದರಿನ ಸಾಹೇಬರ ಹಾಗೆ ಮೂಗಿಗೆ ಹಿಡಿದು
ಪಾಸು ಮಾಡಿದಳು.

ಕೋಕೋ ಪುಡಿ ನಾಲಿಗೆಗಿಟ್ಟೆ,
ಡೀಸೆಲ್ ಹೊಗೆಯಷ್ಟು ಕಹಿ.
ಮೂರು ಚಮಚ ಅದು, ಮೇಲೆ ತೆಂಗಿನ ಹಾಲು.
ಹಸಿರು ತಿರುಗಿ ತಿರುಗಿ ಕಂದಾಗಿ
ಮಳೆಗಾಲದಲ್ಲಿ ಸೇತುವೆಯ ಕೆಳಗೆ
ಕಾಳಿ ಕಡಲಿಗೆ ಇಳಿಯುವ ಬಣ್ಣಕ್ಕೆ ಬಂತು.

"ಬಾಬಾ, ಬಟ್ಟಲು ಬಿಡು.
ಯಾರೂ ಕಿತ್ತುಕೊಳ್ಳೂದಿಲ್ಲ."
ನೋಡಿದರೆ ನನ್ನ ಎಡಗೈ
ಬಟ್ಟಲಿನ ಅಂಚನ್ನು ಗಟ್ಟಿಯಾಗಿ ಹಿಡಿದಿದೆ.
ಸಿಮೆಂಟಿನ ಕಟ್ಟೆ, ಎಲ್ಲಿಗೆ ಜಾರೀತು?
ಬಿಟ್ಟೆ.
ಸ್ವಲ್ಪ ಹೊತ್ತಿಗೆ ಮತ್ತೆ ಹಿಡಿದಿದ್ದೆ.

ಕೊನೆಗೆ ಒಂದೇ ಒಂದು ಮಾತು ನನ್ನದು:
ಸಾಣಿಕಟ್ಟೆಯ ಉಪ್ಪು, ಎರಡು ಹರಳು.
"ಸಿಹಿಗೆ ಉಪ್ಪಾ?"
ಹಾಕು ಅಂದೆ.
ಹಾಕಿದಳು, ತಿರುವಿದಳು, ನೆಕ್ಕಿದಳು.
ಏನೂ ಅನ್ನಲಿಲ್ಲ.
ಇನ್ನೊಮ್ಮೆ ನೆಕ್ಕಿದಳು.

ಫ್ರಿಜ್ಜಿನಲ್ಲಿ ಮೀನಿನ ಜಾಗ ಈಗ ಹೇಗೂ ಖಾಲಿ,
ಅಲ್ಲಿಟ್ಟೆವು.
ಬೆಂಕಿಯ ಕೆಲಸ ತಂಪು ಮಾಡುತ್ತದಂತೆ,
ಸಾವಕಾಶ, ಸದ್ದಿಲ್ಲದೆ.
ಊಟವಾದ ಮೇಲೆ ತಲೆಗೊಂದು ಚಮಚ ಬಡಿಸಿ
"ದಿನಕ್ಕೆ ಇಷ್ಟೇ" ಎಂದು ಮುಚ್ಚಳ ಹಾಕಿದಳು.

ರಾತ್ರಿ ಮೂರಕ್ಕೆ ಎಚ್ಚರ.
ಬೋಟಿನಲ್ಲಾದರೆ ಮೊದಲ ಚಹಾ ಇಡುವ ಹೊತ್ತು.
ಹೊರಗೆ ಕಡಲು ತನ್ನಷ್ಟಕ್ಕೆ ಬೈದುಕೊಳ್ಳುತ್ತಿತ್ತು.
ಫ್ರಿಜ್ಜು ತೆರೆದೆ.
ಆ ಸಣ್ಣ ಬೆಳಕಿನಲ್ಲಿ
ಕಾಲು ಅಗಲಿಸಿ, ಮೊಣಕಾಲು ಚೂರು ಬಾಗಿಸಿ,
ಅಲೆ ಬಂದರೂ ಬರಲಿ ಎಂಬ ಹಾಗೆ ನಿಂತು
ತಿಂದೆ.
ಮೊದಲು ಕಹಿ, ಆಮೇಲೆ ಬೆಣ್ಣೆ,
ಎಲ್ಲೋ ಹಿಂದೆ ನನ್ನ ಎರಡು ಹರಳು.

ಕತ್ತಲಿಂದ ಶೇವಂತಿ: "ಎಷ್ಟು?"
"ಎರಡು ಚಮಚ."
ಹರಾಜಿನಲ್ಲಿ ಬುಟ್ಟಿ ಎತ್ತದೆಯೇ ತೂಕ ಹೇಳುವವಳು ಅವಳು.
"ನಾಲ್ಕು" ಅಂದಳು,
ಮಗ್ಗುಲು ಬದಲಿಸಿದಳು.